ಉತ್ತರಕ್ಕೊಂದು ತಲೆಬರಹ

ಇಮೇಲಿಗೆ ಉತ್ತರ ಬರೆಯಲು ಹೊರಟರೆ ಶೀರ್ಷಿಕೆಯ ಮುಂದೆ ‘ರೀ:’ ತಾನಾಗಿ ಬಂದು ಕೂರುತ್ತದೆ. ‘ರಿಪ್ಲೈ’ ಪದದ ಮೊಟಕು ರೂಪವೆಂದೇ ಬಹಳ ಜನ ತಿಳಿದಿದ್ದಾರೆ. ಅಸಲಿಗೆ ಅದು ಲ್ಯಾಟಿನ್. ‘ಈ ವಿಷಯದಲ್ಲಿ’ ಎಂದರ್ಥ. ವಕೀಲರ, ವ್ಯಾಪಾರಿಗಳ ಕಾಗದಗಳಲ್ಲಿ ಎಂದಿನಿಂದಲೋ ಇದ್ದದ್ದು.

ಕಂಪ್ಯೂಟರ್ ಜಗತ್ತಿನಲ್ಲಿ ಇದಕ್ಕೆ ಕಟ್ಟುಪಾಡು ವಿಧಿಸಿದವರು ಯೂಸ್‌ನೆಟ್‌ನವರು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು 1979ರಲ್ಲಿ ಯೋಚಿಸಿದ ಚರ್ಚಾಜಾಲವದು. 1987ರ ಅದರ ನಿಯಮಪತ್ರ, ಉತ್ತರದ ಶೀರ್ಷಿಕೆ ‘ರೀ:’ಯಿಂದ ಶುರುವಾಗಬೇಕು, ಜೊತೆಗೆ ‘ರೆಫರೆನ್ಸಸ್’ ಎಂಬ ಸಾಲು ಕಡ್ಡಾಯ ಎಂದಿತು. ನಮ್ಮ ಸರ್ಕಾರಿ ಪತ್ರಗಳನ್ನು ಕಂಡವರಿಗೆ ಇದೇನೂ ಹೊಸದಲ್ಲ: ‘ಮಾನ್ಯರೇ’ಯ ಕೆಳಗೆ ‘ವಿಷಯ:’, ಅದರಡಿ ‘ಉಲ್ಲೇಖ:’, ಅಲ್ಲಿ ಹಿಂದಿನ ಪತ್ರದ ಸಂಖ್ಯೆ, ದಿನಾಂಕ. ಗುಮಾಸ್ತರು ಕಡತ ಹುಡುಕುವುದು ಆ ಸಂಖ್ಯೆಯ ಜಾಡು ಹಿಡಿದೇ ಹೊರತು ವಿಷಯದ ಚಂದ ನೋಡಿಯಲ್ಲ.

ತೊಡಕಾದದ್ದು ಭಾಷೆಗಳಿಂದ. ಜರ್ಮನರ ತಂತ್ರಾಂಶ ‘ರೀ:’ ಬದಲು ‘ಎಡಬ್ಲ್ಯು:’ ಅಂಟಿಸಿತು, ಸ್ವೀಡನ್ನಿನದು ‘ಎಸ್‌ವಿ:’. ಎರಡು ದೇಶದವರು ನಾಲ್ಕು ಸಲ ಉತ್ತರಿಸಿಕೊಂಡರೆ ‘ರೀ: ಎಡಬ್ಲ್ಯು: ರೀ: ಎಡಬ್ಲ್ಯು:’ ಎಂಬ ರೈಲುಬಂಡಿ! ಒಂದೇ ಒಂದು ‘ರೀ:’ ಸಾಕು, ಬೇರೆ ಅಕ್ಷರ ಬೇಡ ಎಂದು 2001ರ ಇಮೇಲ್ ಮಾನದಂಡ ತಿಳಿಹೇಳಿತು. ಕೇಳಿದವರು ಕಡಿಮೆ.

ಯೂಸ್‌ನೆಟ್ಟಿಗರ ಇನ್ನೊಂದು ರೂಢಿ ಮಾತ್ರ ನಿಜಕ್ಕೂ ಜಾಣತನದ್ದು. ಮಾತು ಹಳಿ ಬದಲಿಸಿದರೆ ಹೊಸ ಶೀರ್ಷಿಕೆ ಕೊಟ್ಟು, ಆವರಣದಲ್ಲಿ ಹಳೆಯದನ್ನೂ ‘ಹಿಂದೆ ಹೀಗಿತ್ತು’ ಎಂದು ನಮೂದಿಸುತ್ತಿದ್ದರು. ರಜೆಯ ಅರ್ಜಿಯ ಶೀರ್ಷಿಕೆಯಡಿಯಲ್ಲೇ ಸಂಬಳದ ಚರ್ಚೆ ನಡೆಸುವವರು ಇದನ್ನಾದರೂ ಅನುಸರಿಸಲಿ.