ಹದ ಬಂದಾಗ

ಪತ್ರಿಕೆಗಳಲ್ಲಿ 'ಹದ' ಎಂಬ ಪದ ಕಣ್ಣಿಗೆ ಬೀಳುವುದು ಹೆಚ್ಚಾಗಿ ಕೆಟ್ಟ ಸುದ್ದಿಯಲ್ಲಿ. ರಸ್ತೆ ಹದಗೆಟ್ಟಿತು, ಆರೋಗ್ಯ ಹದಗೆಟ್ಟಿತು, ಕಾನೂನು ಸುವ್ಯವಸ್ಥೆ ಹದಗೆಟ್ಟಿತು. ಹದವಾಗಿದ್ದಾಗ ಯಾರೂ ವರದಿ ಮಾಡುವುದಿಲ್ಲ. ಕೆಟ್ಟ ಮೇಲೆಯೇ ಅದಕ್ಕೆ ಅಚ್ಚಾಗುವ ಭಾಗ್ಯ. ಆಡುಮಾತಿನಲ್ಲಿ ಮಾತ್ರ ಅದರ ಸಂಸಾರ ದೊಡ್ಡದು. ದೋಸೆ ಹಿಟ್ಟಿನ ಹದ, ಬೆಲ್ಲದ ಪಾಕದ ಹದ, ಹದ ಮಾಡಿದ ತೊಗಲು, ಹದ ಹಿಡಿಸಿದ ಕತ್ತಿ, ಹದಮಳೆ. ಹಳಗನ್ನಡದ 'ಪದ', 'ಪದನ್' ಎಂಬ ರೂಪಗಳು ಪಕಾರ ಕಳೆದುಕೊಂಡು ಹೀಗಾದವು. ಕುಮಾರವ್ಯಾಸನ ಕಾಲಕ್ಕೆ 'ಹದನ' ಎಂದರೆ ಸ್ಥಿತಿ, ಸಂಗತಿ. ತಮಿಳಿನ 'ಪದಂ' ಅನ್ನ ಬೆಂದ ಪಾಕವನ್ನೂ ಹೇಳುತ್ತದೆ. ತೆಲುಗಿನ 'ಪದುನು' ಇನ್ನೂ ಸ್ವಾರಸ್ಯದ್ದು: ಉಳುಮೆಗೆ ತಕ್ಕ ನೆಲದ ತೇವಕ್ಕೂ ಅದೇ ಮಾತು, ಅಲಗಿನ ಹರಿತಕ್ಕೂ ಅದೇ ಮಾತು. ಇಷ್ಟು ಬಗೆಯ ಕೆಲಸಗಳಲ್ಲಿ ಸಮಾನವಾದದ್ದು ಒಂದೇ. ವಸ್ತು ಮುಂದಿನ ಕೆಲಸಕ್ಕೆ ಒದಗುವ ಸ್ಥಿತಿಗೆ ಬಂದಿದೆಯೇ ಎಂಬುದನ್ನು ಹದ ಹೇಳುತ್ತದೆ. ಇಂದು ಯಾವ ತಾರೀಖು ಎಂದು ಅದು ಕೇಳುವುದೇ ಇಲ್ಲ.

ಶಿವಮೊಗ್ಗ, ಭದ್ರಾವತಿಗಳ ಹಿತ್ತಿಲಿಗೆ ಈಗ ಬೇಕಾದದ್ದು ಈ ಪದವೇ ಹೊರತು ಪಂಚಾಂಗವಲ್ಲ ಎಂಬುದು ನನ್ನ ವಾದ. ಯುಗಾದಿಯಿಂದ ಮಳೆಗಾಲ ಹಿಡಿಯುವವರೆಗಿನ ಅವಧಿಯನ್ನು ನಾವು ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ಮಳೆ ನಕ್ಷತ್ರಗಳಲ್ಲಿ ಎಣಿಸುತ್ತೇವೆ. ಇವು ಸೂರ್ಯನ ನಡೆಗೆ ಕಟ್ಟಿದ ಲೆಕ್ಕ. ಒಂದೊಂದಕ್ಕೆ 13–14 ದಿನ, ವರ್ಷ ವರ್ಷವೂ ಹೆಚ್ಚುಕಡಿಮೆ ಅದೇ ತಾರೀಖು. ಮೋಡಕ್ಕೆ ಈ ಕಟ್ಟು ಇಲ್ಲ. ಮುಂಗಾರು ಕೇರಳಕ್ಕೆ ಕಾಲಿಟ್ಟದ್ದು 2023ರಲ್ಲಿ ಜೂನ್ 8ಕ್ಕೆ, 2024ರಲ್ಲಿ ಮೇ 30ಕ್ಕೆ, 2025ರಲ್ಲಿ ಮೇ 24ಕ್ಕೆ. ಮೂರು ವರ್ಷಗಳೊಳಗೆ ಹದಿನೈದು ದಿನದ ಅಂತರ, ಅಂದರೆ ಒಂದು ಇಡೀ ನಕ್ಷತ್ರದಷ್ಟು. ಅದಕ್ಕೂ ಮುಂಚಿನ ಬೇಸಿಗೆ ಮಳೆಯಂತೂ ಬೀದಿ ನೋಡಿ ಸುರಿಯುವಂಥದ್ದು. ಗುಡುಗು ಇಲ್ಲಿ, ಹನಿ ಅಲ್ಲಿ. ಶಿವಮೊಗ್ಗದಿಂದ ಸುಮಾರು 90 ಕಿ.ಮೀ. ದೂರದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆಯಾದರೂ, ಮಲೆನಾಡಿನ ಸೆರಗಿನಲ್ಲಿರುವ ಈ ಎರಡು ಊರುಗಳ ಅಂಗಳ ಏಪ್ರಿಲ್‌ನಲ್ಲಿ ಬಯಲುಸೀಮೆಯಂತೆಯೇ ಕಾಯುತ್ತದೆ. ಮೊದಲ ಮಳೆಗೆ ಮರುಳಾಗಿ ಹೀರೆ, ಬೆಂಡೆ ಬೀಜ ಊರಿದರೆ ಮೇಲಿನ ಎರಡಂಗುಲದ ತೇವಕ್ಕೆ ಮೊಳಕೆ ಬರುತ್ತದೆ, ಬೇರು ಕೆಳಗಿಳಿಯುವ ಮೊದಲೇ ಬಿಸಿಲು ಅದನ್ನು ಸುಡುತ್ತದೆ. ಮಳೆ ಜಡಿದ ಮರುದಿನವೇ ಅಗೆದರೆ ಇನ್ನೊಂದು ಕೇಡು: ಜಿಗುಟು ಮಣ್ಣು ಹೆಂಟೆಗಟ್ಟುತ್ತದೆ, ಗಾಳಿ ಆಡದೆ ಬೀಜ ಕೊಳೆಯುತ್ತದೆ.

ಹದವೆಂಬುದು ಅಂದಾಜಿನ ಮಾತು, ಮೊಬೈಲಿನಲ್ಲಿ ಮುನ್ಸೂಚನೆ ಸಿಗುವಾಗ, ಅಂಗಡಿಯಲ್ಲಿ ತೇವ ಅಳೆಯುವ ಕಡ್ಡಿ ಸಿಗುವಾಗ ಈ ಅಜ್ಜಿ ಮಾತೇಕೆ ಎಂಬ ಆಕ್ಷೇಪ ಬರುತ್ತದೆ. ಇದಕ್ಕೆ ಉತ್ತರ ಭದ್ರಾವತಿಯಲ್ಲೇ ಇದೆ. ಬೆಂಕಿಪುರವೆಂಬ ಹಳೆಯ ಹೆಸರಿನ ಈ ಊರಿನಲ್ಲಿ 1918ರಲ್ಲಿ ಕಬ್ಬಿಣದ ಕಾರ್ಖಾನೆಗೆ ಅಸ್ತಿವಾರ ಬಿತ್ತು. ಮುಂದೆ ಅದಕ್ಕೆ ವಿಶ್ವೇಶ್ವರಯ್ಯನವರ ಹೆಸರು ಬಂತು. ಆದರೆ ಕಾರ್ಖಾನೆಗೂ ಮೊದಲು ಕುಲುಮೆಯನ್ನು ನೋಡಿ: ಕಮ್ಮಾರ ಕಾಸಿ ನೀರಿಗದ್ದಿದ ಕತ್ತಿಯನ್ನು ಮತ್ತೆ ಸಣ್ಣಗೆ ಕಾಸುತ್ತಾನೆ. ಅಲಗಿನ ಮೇಲೆ ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ನೀಲಿ ಬಣ್ಣಗಳು ಹರಿಯುತ್ತವೆ. ಬೇಕಾದ ಬಣ್ಣದಲ್ಲಿ ತಡೆದರೆ ಹದ. ತಡವಾದರೆ ಮೆತ್ತಗೆ, ಅವಸರ ಮಾಡಿದರೆ ಪಟ್ಟನೆ ಮುರಿಯುವ ಅಲಗು. ಉಕ್ಕಿನ ಕಾರ್ಖಾನೆ ಇದೇ ಕೆಲಸಕ್ಕೆ ಶಾಖಮಾಪಕ ಇಡುತ್ತದೆ. ಕಮ್ಮಾರನ ಕಣ್ಣೂ ಮಾಪಕವೂ ನೋಡುತ್ತಿರುವುದು ಕಬ್ಬಿಣವನ್ನೇ, ಗಡಿಯಾರವನ್ನಲ್ಲ. ಹಾಗಾಗಿ ಅಳತೆಗೂ ಹದಕ್ಕೂ ಜಗಳವಿಲ್ಲ. ತೋಟದಲ್ಲಿ ಅಳತೆ ಇನ್ನೂ ಅಗ್ಗ: ಒಂದು ಗೇಣು ಆಳದಿಂದ ಹಿಡಿ ಮಣ್ಣು ತೆಗೆದು ಅಮುಕಿ, ಉಂಡೆಯಾಗಿ ನಿಂತು, ಕೆಳಗೆ ಬಿಟ್ಟಾಗ ಪುಡಿಯಾದರೆ ಹದವಿದೆ. ಅಂಗೈಗೆ ಮೆತ್ತಿದರೆ ಕಾಯಬೇಕು. ಜಿಲ್ಲೆಗೆಲ್ಲ ಒಂದೇ ಎನ್ನುವ ಮುನ್ಸೂಚನೆ ಈ ಹಿಡಿ ಮಣ್ಣಿನಷ್ಟು ಹತ್ತಿರದ ಸುದ್ದಿ ಕೊಡಲಾರದು.

ಕಾಯುವುದೊಂದೇ ಗತಿಯೇ ಎಂದು ಕೇಳಬಹುದು. ವ್ಯಾಕರಣ ಇಲ್ಲಿ ನೆರವಿಗೆ ಬರುತ್ತದೆ. 'ಹದ ಬಂದಾಗ ಹರಗು, ಬೆದೆ ಬಂದಾಗ ಬಿತ್ತು' ಎನ್ನುವ ಗಾದೆಯಲ್ಲಿ ಹದ ತಾನಾಗಿ ಬರುವಂಥದ್ದು. ಆದರೆ 'ಹದ ಮಾಡು' ಎಂದೂ ಕನ್ನಡ ಹೇಳುತ್ತದೆ. ಮಳೆಯನ್ನೇ ನಂಬಿದ ಹೊಲದವನಿಗೆ ಮೊದಲ ಕ್ರಿಯಾಪದವೇ ಹೆಚ್ಚು, ಹಿತ್ತಿಲಿನವರಿಗೆ ಎರಡನೆಯದು. ಭದ್ರಾವತಿಯ ನ್ಯೂಟೌನ್ ಕ್ವಾರ್ಟರ್ಸ್‌ನ ಹಿಂಬದಿಯಾಗಲಿ, ಶಿವಮೊಗ್ಗದ ಬಡಾವಣೆಯ ಒಂದು ಮಾರು ಮಣ್ಣಾಗಲಿ, ನಾಲ್ಕು ಬುಟ್ಟಿ ದರಗು ಹೊದಿಸಿದರೆ ಬಿದ್ದ ಮಳೆಯ ತೇವ ಇನ್ನಷ್ಟು ದಿನ ನಿಲ್ಲುತ್ತದೆ. ಕೊಟ್ಟಿಗೆ ಗೊಬ್ಬರ ಬೆರೆತ ಮಣ್ಣು ನೀರನ್ನು ಹಿಡಿದಿಡುತ್ತದೆ, ಹೆಚ್ಚಾದದ್ದನ್ನು ಬಸಿದುಬಿಡುತ್ತದೆ. ಹದ ಮಾಡುವುದೆಂದರೆ ಬೇಸಿಗೆಯಲ್ಲಿ ನಲ್ಲಿ ತಿರುಗಿಸಿ ಸುರಿಯುವುದಲ್ಲ. ತುಂಗೆ, ಭದ್ರೆ ಇಬ್ಬರೂ ಬಡಕಲಾಗುವ ತಿಂಗಳುಗಳಲ್ಲಿ ಅದು ಸರಿಯೂ ಅಲ್ಲ.

ಪಂಚಾಂಗದ ಪರವಾಗಿ ಒಂದು ಗಟ್ಟಿ ಮಾತು ಉಳಿದಿದೆ, ಅದನ್ನು ಒಪ್ಪಲೇಬೇಕು. ಗಿಡಗಳು ಮಣ್ಣನ್ನಷ್ಟೇ ಓದುವುದಿಲ್ಲ, ಕೆಲವು ಹಗಲಿನ ಉದ್ದವನ್ನೂ ಓದುತ್ತವೆ. ನಾಟಿ ಅವರೆಯನ್ನು ಮೇ ತಿಂಗಳ ಎಷ್ಟೇ ಚೆಂದದ ಹದದಲ್ಲಿ ಊರಿದರೂ ಚಪ್ಪರದ ತುಂಬ ಬಳ್ಳಿಯೇ; ಹಗಲು ಮೋಟಾಗುವ ತನಕ ಹೂವಿಲ್ಲ. ಹಗಲಿನ ಉದ್ದ ಸೂರ್ಯನದು, ಅದು ತಪ್ಪದೆ ನಡೆಯುತ್ತದೆ. ಆದ್ದರಿಂದ ಅವರೆಯ ಮಟ್ಟಿಗೆ ತಿಂಗಳು ನೋಡಿ. ಬೆಂಡೆ, ಹೀರೆ, ಬಸಳೆಗೆ ಮಣ್ಣು ಮುಟ್ಟಿ ನೋಡಿ.