ಎದೆಯುರಿ, ಕ್ಯಾನ್ಸರ್ ಮತ್ತು ಮೂರು ಪ್ರಾಣಿಗಳ ಸಾಕ್ಷಿ

ರಾತ್ರಿ ರಿಲೀಸ್ ಮುಗಿಸಿ, ಹನ್ನೆರಡು ಗಂಟೆಗೆ ವಡಾಪಾವ್ ತಿಂದು ಮಲಗಿದ್ರೆ ಎದೆ ಉರಿಯೋದು ಪುಣೆಯಲ್ಲಿರೋ ನನ್ನಂಥವರಿಗೆ ಹೊಸದೇನಲ್ಲ. ಆಗ ಫೋನಲ್ಲಿ ಹುಡುಕಿದ್ರೆ ಮೊದಲು ಕಣ್ಣಿಗೆ ಬೀಳೋ ಪದ 'ಕ್ಯಾನ್ಸರ್'. ನಾನು ಡಾಕ್ಟರ್ ಅಲ್ಲ. ಆದ್ರೆ ಈ ನಂಟು ಗೊತ್ತಾದ ಕಥೆ ಓದಿದ ಮೇಲೆ ನನ್ನ ಭಯದ ಅಳತೆ ಬದಲಾಯ್ತು. ಇವತ್ತು ಅದನ್ನೇ ಹೇಳ್ತೀನಿ.

1950ರಲ್ಲಿ ಲಂಡನ್ನಿನ ಸರ್ಜನ್ ನಾರ್ಮನ್ ಬ್ಯಾರೆಟ್ ಒಂದು ಲೇಖನ ಬರೆದರು. ನಮ್ಮ ಅನ್ನನಾಳದ ಒಳಪದರದಲ್ಲಿ ಚಪ್ಪಟೆ ಜೀವಕೋಶಗಳಿರಬೇಕು. ಕೆಲವರಲ್ಲಿ ಅದರ ಕೆಳಭಾಗದಲ್ಲಿ ಹೊಟ್ಟೆ-ಕರುಳಿನಲ್ಲಿ ಇರುವಂಥ ಕಂಬದಾಕಾರದ ಕೋಶಗಳು ಕಂಡವು. ಬ್ಯಾರೆಟ್ ಹೇಳಿದ್ದು: ಇದು ಅನ್ನನಾಳವೇ ಅಲ್ಲ, ಹುಟ್ಟಿನಿಂದಲೇ ಮೇಲಕ್ಕೆ ಎಳೆದುಕೊಂಡ ಜಠರ. 1953ರಲ್ಲಿ ಆಲಿಸನ್ ಮತ್ತು ಜಾನ್‌ಸ್ಟೋನ್ 'ಇಲ್ಲ, ಇದು ಅನ್ನನಾಳವೇ' ಅಂತ ತೋರಿಸಿದರು. 1957ರಲ್ಲಿ ಬ್ಯಾರೆಟ್ ಅದನ್ನು ಒಪ್ಪಿಕೊಂಡರು. ಆದರೂ ಈ ಸ್ಥಿತಿಗೆ ಅವರ ಹೆಸರೇ ಉಳಿಯಿತು.

ಒಂದು ಪ್ರಶ್ನೆ ಮಾತ್ರ ಹಾಗೇ ಇತ್ತು. ಇದು ಹುಟ್ಟಿನಿಂದ ಬಂದಿದ್ದೋ, ಆಸಿಡ್‌ನಿಂದ ಆಗಿದ್ದೋ? ಮನುಷ್ಯರ ಅನ್ನನಾಳ ಸುಲಿದು ನೋಡೋಕೆ ಆಗಲ್ಲ. 1970ರಲ್ಲಿ ಬ್ರೆಮ್ನರ್ ಮತ್ತು ಸಂಗಡಿಗರು ನಾಯಿಗಳ ಮೇಲೆ ಪ್ರಯೋಗ ಮಾಡಿದರು. ಅನ್ನನಾಳದ ಕೆಳಭಾಗದ ಒಳಪದರ ತೆಗೆದು, ಮತ್ತೆ ಏನು ಬೆಳೆಯುತ್ತೆ ಅಂತ ಕಾದರು. ಆಸಿಡ್ ಮೇಲೆ ಬಾರದ ನಾಯಿಗಳಲ್ಲಿ ಚಪ್ಪಟೆ ಕೋಶಗಳೇ ಬಂದವು. ಆಸಿಡ್ ಉಕ್ಕಿ ಬರುವಂತೆ ಮಾಡಿದ ನಾಯಿಗಳಲ್ಲಿ ಕಂಬದಾಕಾರದ ಕೋಶಗಳು ಬೆಳೆದವು. ಅಂದ್ರೆ ಇದು ಹುಟ್ಟುಗುಣವೇ ಆಗಬೇಕಿಲ್ಲ, ಆಮೇಲೂ ಬರಬಹುದು.

ಈ ಕೋಶಗಳು ಎಲ್ಲಿಂದ ಬಂದವು? 1988ರಲ್ಲಿ ಗಿಲ್ಲೆನ್ ಮತ್ತು ಸಂಗಡಿಗರು ನಾಯಿಯ ಜಠರಕ್ಕೂ ಗಾಯಕ್ಕೂ ನಡುವೆ ಚಪ್ಪಟೆ ಕೋಶಗಳ ಪಟ್ಟಿಯೊಂದನ್ನು ಬೇಲಿಯ ಹಾಗೆ ಬಿಟ್ಟರು. ಬೇಲಿಯ ಆಚೆಗೂ ಕಂಬದಾಕಾರದ ಕೋಶ ಬೆಳೆಯಿತು. ಹಾಗಾದ್ರೆ ಅನ್ನನಾಳದ ಒಳಗಿನ ಗ್ರಂಥಿಗಳಿಂದಲೇ ಬಂದಿರಬೇಕು ಅನ್ನೋ ವಾದಕ್ಕೆ ಬಲ ಬಂತು.

ಆದರೆ ಕ್ಯಾನ್ಸರ್ ತನಕ ಏನಾಗುತ್ತೆ ಅಂತ ನೋಡೋಕೆ ಇಲಿ ಬೇಕಾಯ್ತು. ಅದರ ಅನ್ನನಾಳವನ್ನು ನೇರವಾಗಿ ಸಣ್ಣಕರುಳಿಗೆ ಜೋಡಿಸಿದರೆ ಪಿತ್ತರಸ ಸೀದಾ ಮೇಲೆ ಬರುತ್ತದೆ. 1996ರಲ್ಲಿ ಜಪಾನಿನ ಮಿವಾ ಮತ್ತು ಸಂಗಡಿಗರು, ಯಾವ ಕ್ಯಾನ್ಸರ್‌ಕಾರಕ ರಾಸಾಯನಿಕವನ್ನೂ ಕೊಡದೆ, ಹೀಗೆ ಉಕ್ಕಿಬಂದ ರಸವೇ ಕ್ಯಾನ್ಸರ್ ತರಬಲ್ಲದು ಅಂತ ತೋರಿಸಿದರು. ಅಂದ್ರೆ ಆಸಿಡ್ ಒಂದೇ ಆರೋಪಿ ಅಲ್ಲ.

ಇಲ್ಲೊಂದು ತೊಡಕಿದೆ ನೋಡಿ. ಇಲಿಯ ಅನ್ನನಾಳದಲ್ಲಿ ನಾಯಿಗೂ ನಮಗೂ ಇರುವ ಆ ಗ್ರಂಥಿಗಳೇ ಇಲ್ಲ. ಇಲಿ ವಾಂತಿಯನ್ನೂ ಮಾಡಲ್ಲ. ಟೆಸ್ಟ್ ಸರ್ವರ್‌ನಲ್ಲಿ ಬಂದ ಬಗ್ ಪ್ರೊಡಕ್ಷನ್‌ನಲ್ಲೂ ಹಾಗೇ ಬರಬೇಕು ಅಂತಿಲ್ಲ ಅಲ್ವಾ?

2012ರಲ್ಲಿ ಕ್ವಾಂಟೆ ಮತ್ತು ಸಂಗಡಿಗರು ಸುಂಡಿಲಿಯ ಜೀನ್ ಬದಲಿಸಿ, ಅನ್ನನಾಳದಲ್ಲಿ ಸದಾ ಉರಿಯೂತ ಇರುವಂತೆ ಮಾಡಿದರು. ಕುಡಿಯೋ ನೀರಿಗೆ ಪಿತ್ತಾಮ್ಲ ಬೆರೆಸಿದಾಗ ಕಾಯಿಲೆಯ ವೇಗ ಹೆಚ್ಚಿತು. ಅಲ್ಲಿ ಹೊಸ ಕೋಶಗಳು ಬಂದದ್ದು ಜಠರದ ಮೇಲ್ತುದಿಯಿಂದ. ನಾಯಿ ಹೇಳಿದ್ದಕ್ಕೆ ಉಲ್ಟಾ! 2021ರಲ್ಲಿ ಮನುಷ್ಯರದೇ ಕೋಶಗಳನ್ನು ಪರೀಕ್ಷಿಸಿದ ಕೇಂಬ್ರಿಜ್ ತಂಡವೂ ಜಠರದ ಮೇಲ್ತುದಿಯ ಕಡೆಗೇ ಬೆರಳು ತೋರಿಸಿತು. 'ಜಠರ' ಅಂದಿದ್ದ ಬ್ಯಾರೆಟ್ ಕಾರಣದಲ್ಲಿ ತಪ್ಪಿದ್ದರು, ಹೋಲಿಕೆಯಲ್ಲಿ ಪೂರ್ತಿ ತಪ್ಪಿರಲಿಲ್ಲ.

ನಾಯಿ 'ಆಮೇಲೂ ಬರಬಹುದು' ಅಂತು, ಇಲಿ 'ಪಿತ್ತವನ್ನೂ ನೋಡಿ' ಅಂತು, ಸುಂಡಿಲಿ 'ಉರಿಯೂತ ನೋಡಿ' ಅಂತು. ಆದ್ರೆ 'ನಿನಗೆ ಎಷ್ಟು ಅಪಾಯ' ಅಂತ ಯಾವುದೂ ಹೇಳಲಿಲ್ಲ. ಅದನ್ನು ಮನುಷ್ಯರ ಲೆಕ್ಕವೇ ಹೇಳಬೇಕು. 2011ರ ಡೆನ್ಮಾರ್ಕ್ ಅಧ್ಯಯನದಲ್ಲಿ, ಬ್ಯಾರೆಟ್ ಸ್ಥಿತಿ ಇರುವವರಲ್ಲೇ ಈ ಕ್ಯಾನ್ಸರ್ ಬರುವ ಅಪಾಯ ವರ್ಷಕ್ಕೆ ಸುಮಾರು 0.12%.

ಹಾಗಂತ ಅಸಡ್ಡೆ ಬೇಡ. ವರ್ಷಗಟ್ಟಲೆ ಎದೆಯುರಿ ಇದ್ರೆ, ನುಂಗೋಕೆ ಕಷ್ಟವಾದ್ರೆ, ಫೋನ್ ಪಕ್ಕಕ್ಕಿಟ್ಟು ಡಾಕ್ಟರ್ ಹತ್ರ ಹೋಗಿ. ಆದ್ರೆ 'ಇಲಿಗಳಲ್ಲಿ ಕ್ಯಾನ್ಸರ್ ಪತ್ತೆ' ಅನ್ನೋ ಹೆಡ್‌ಲೈನ್ ನೋಡಿ ನಿದ್ದೆ ಕೆಡಿಸಿಕೊಳ್ಳೋ ಮುಂಚೆ, ಆ ಇಲಿಗೆ ಏನು ಮಾಡಿದ್ದರು ಅಂತ ಒಂದು ಸಲ ಓದಿ. ಸಿಗೋಣ.