‘ಮರಳಿ ಮಣ್ಣಿಗೆ’ಯಲ್ಲಿ ವಿಷಮಾಲಂಕಾರ

ಪಾಶ್ಚಾತ್ಯ ವಿಮರ್ಶಕರು ‘ಐರನಿ’ ಎಂದು ಕರೆಯುವ ಗುಣಕ್ಕೆ ಕನ್ನಡದಲ್ಲಿ ‘ವ್ಯಂಗ್ಯ’ವೆಂಬ ಮಾತು ರೂಢವಾಗಿದೆ. ಆದರೆ ಧ್ವನಿಪ್ರಸ್ಥಾನದಲ್ಲಿ ವ್ಯಂಗ್ಯವೆಂದರೆ ವ್ಯಂಜನಾವೃತ್ತಿಯಿಂದ ತೋರುವ ಅರ್ಥಮಾತ್ರ. ಆದುದರಿಂದ ಈ ಪರ್ಯಾಯವು ಅತಿವ್ಯಾಪ್ತಿದೋಷಕ್ಕೆ ಒಳಗಾದುದು. ಐರನಿಯು ದ್ವಿವಿಧ: ಮಾತಿನಲ್ಲಿರುವುದೊಂದು, ಘಟನೆಯಲ್ಲಿರುವುದಿನ್ನೊಂದು. ಹೊಗಳಿಕೆಯ ನೆವದಿಂದ ತೆಗಳುವ ವ್ಯಾಜಸ್ತುತಿಯು ಮೊದಲನೆಯದಕ್ಕೆ ಸಮೀಪವಾದುದು. ಎರಡನೆಯದಕ್ಕೆ ಮಮ್ಮಟನು ‘ಕಾವ್ಯಪ್ರಕಾಶ’ದ ಹತ್ತನೆಯ ಉಲ್ಲಾಸದಲ್ಲಿ ಹೇಳುವ ವಿಷಮಾಲಂಕಾರದ ಒಂದು ಪ್ರಭೇದವು ಸಲ್ಲುವುದು. ಅಲ್ಲಿ ಕರ್ತೃವಿಗೆ ಬಯಸಿದ ಫಲವು ದೊರೆಯದಿರುವುದಷ್ಟೇ ಅಲ್ಲ, ಅನರ್ಥವೂ ಒದಗುವುದು.

ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಬೋಧಿಸಿದ ಶ್ರೀರಂಗರ ನಾಟಕಗಳಲ್ಲಿ ಮೊದಲನೆಯ ಬಗೆಯು ಪ್ರಚುರವಾಗಿದೆ. ಎರಡನೆಯ ಬಗೆಗೆ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ (1941) ಉತ್ತಮ ಲಕ್ಷ್ಯವಾಗಿದೆ.

ಈ ಕೃತಿಯ ಐತಿಹಾಸಿಕ ಸ್ಥಾನವನ್ನು ತಿಳಿಯಲು ಅದೇ ದಕ್ಷಿಣ ಕನ್ನಡದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯನ್ನು (1899) ಎದುರಿಗಿಟ್ಟು ನೋಡಬೇಕು. ಅಲ್ಲಿ ವಿದ್ಯೆಯು ಕಲ್ಪವೃಕ್ಷ. ವಿಧವೆಯಾದ ನಾಯಿಕೆಯು ಓದುವಳು, ನಾಯಕನು ವಿಲಾಯತಿಯಲ್ಲಿ ಕಲಿತು ಬರುವನು, ಇಬ್ಬರಿಗೂ ಶ್ರೇಯಸ್ಸು ಲಭಿಸುವುದು. ಪ್ರಯತ್ನಕ್ಕೂ ಫಲಕ್ಕೂ ಅಲ್ಲಿ ವೈಷಮ್ಯವಿಲ್ಲ. ನಾಲ್ವತ್ತೆರಡು ವರ್ಷಗಳ ತರುವಾಯ ಕಾರಂತರು ಆ ನಂಬಿಕೆಯನ್ನು ಒರೆಗೆ ಹಚ್ಚಿದರು.

ಕೋಡಿಯ ರಾಮ ಐತಾಳನು ನೆರೆಯ ಶೀನಮಯ್ಯನ ಏಳಿಗೆಯನ್ನು ಕಂಡು ಕರುಬಿ, ಮನೆತನದ ಗೌರವಕ್ಕಾಗಿ ಮಗ ಲಚ್ಚನನ್ನು ಇಂಗ್ಲಿಷ್ ಶಾಲೆಗೆ ಕಳುಹಿಸುವನು. ಮಗನು ದುರ್ವ್ಯಸನಗಳನ್ನು ಕಲಿತು ಮನೆಯನ್ನೇ ಹಾಳುಮಾಡುವನು. ಗೌರವಕ್ಕೆಂದು ಹಿಡಿದ ದಾರಿಯಿಂದಲೇ ಗೌರವಹಾನಿಯಾಯಿತು. ಇದು ಶುದ್ಧ ವಿಷಮ. ಶಾಲೆಯ ಮೆಟ್ಟಿಲನ್ನೇ ತುಳಿಯದ ಪಾರೋತಿ, ಸರಸೋತಿಯರು ಮನೆಯನ್ನು ಹೊತ್ತವರು. ಲಚ್ಚನ ಹೆಂಡತಿ ನಾಗವೇಣಿಯು ಕಷ್ಟಪಟ್ಟು ಮಗ ರಾಮನನ್ನು ಬೆಳೆಸುವಳು. ಈ ವೈದೃಶ್ಯವನ್ನು ಗ್ರಂಥಕಾರರು ಬಾಯಿಬಿಟ್ಟು ಸಾರುವುದಿಲ್ಲ. ಹೊಲದ ದುಡಿಮೆಯನ್ನು ವರ್ಣಿಸಿ ಸುಮ್ಮನಾಗುವರು.

ಮೊಮ್ಮಗ ರಾಮನಲ್ಲಿ ಈ ವಿಷಮವು ಬೇರೊಂದು ರೂಪವನ್ನು ತಾಳುವುದು. ಅವನು ಮದರಾಸಿನಲ್ಲಿ ಓದುವನು, ಸ್ವಾತಂತ್ರ್ಯಸಮರಕ್ಕೆ ಧುಮುಕುವನು, ಪದವಿಯಿದ್ದೂ ಕೆಲಸ ಸಿಗದೆ ಮುಂಬಯಿಗೆ ಹೋಗಿ ಬಳಲುವನು, ಕಡೆಗೆ ತಾಯಿಯ ಬಳಿಗೆ, ಮಣ್ಣಿಗೆ ಮರಳುವನು. ದೇಶಕ್ಕಾಗಿ ಹೋರಾಡಿದವನಿಗೆ ದೇಶದಲ್ಲಿ ಅನ್ನದ ದಾರಿಯಿಲ್ಲವೆಂಬುದೊಂದು ವೈಷಮ್ಯ. ಅಜ್ಜನು ಕೀಳೆಂದು ಬಗೆದ ಹೊಲವೇ ಕಲಿತ ಮೊಮ್ಮಗನಿಗೆ ಆಶ್ರಯವಾದುದು ಮತ್ತೊಂದು.

ಹಾಗಾದರೆ ಇದು ವಿದ್ಯಾನಿಂದೆಯೆ? ಅಲ್ಲ. ಕಾರಂತರು ಅಸಹಕಾರ ಚಳುವಳಿಯ ಕಾಲದಲ್ಲಿ ಕಾಲೇಜನ್ನು ತೊರೆದವರಾದರೂ, ಮುಂದೆ ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ಕಾದಂಬರಿಯಲ್ಲಿಯೂ ಲಚ್ಚನು ಕೆಟ್ಟುದು, ರಾಮನು ಉಳಿದುದು ಒಂದೇ ಬಗೆಯ ಶಾಲೆಯನ್ನು ಕಂಡಮೇಲೆ. ವಿದ್ಯೆಯನ್ನು ಪ್ರತಿಷ್ಠೆಯ ಸಾಧನವೆಂದು ಬಗೆದ ಬುದ್ಧಿಯೇ ಇಲ್ಲಿ ಅನರ್ಥದ ಮೂಲ. ಐತಾಳನು ನೆಟ್ಟ ಮರದ ಫಲವನ್ನು ಲಚ್ಚನು ತಿಂದನು. ರಾಮನಾದರೋ ಅದರ ಬೇರನ್ನು ಕಂಡನು.